ಬೀದರ ಸೀಮೆಯ ಒಣಬೆಟ್ಟಗಳು: ಒಂದು ತೌಲನಿಕ ಅವಲೋಕನ

ಬೆಟ್ಟವೆಂದೊಡನೆ ಕನ್ನಡ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೂಡುವುದು ಸಹ್ಯಾದ್ರಿಯ ಚಿತ್ರ. ಹಸುರು ಕಾನನ, ಮಂಜು ಮುಸುಕಿದ ಶಿಖರ, ಧುಮ್ಮಿಕ್ಕುವ ಜಲಪಾತ - ಪಠ್ಯಪುಸ್ತಕಗಳು ನಿಸರ್ಗಸೌಂದರ್ಯಕ್ಕೆ ಕೊಡುವ ಉದಾಹರಣೆಗಳೆಲ್ಲ ಬಹುಮಟ್ಟಿಗೆ ಅಲ್ಲಿಯವೇ. ಇದರ ಫಲವಾಗಿ ಬೀದರ, ಭಾಲ್ಕಿ, ಔರಾದ ಕಡೆಯ ಬಾಲಕನು ತನ್ನ ಊರಿನ ಹೊರಗೆ ನಿಂತಿರುವ ಕೆಂಪು ಕರಿಯ ದಿಣ್ಣೆಗಳನ್ನು ಬೆಟ್ಟಗಳೆಂದೇ ಎಣಿಸುವುದಿಲ್ಲ. 'ಬರಡು' ಎಂಬ ಒಂದೇ ಮಾತಿನಿಂದ ಅವುಗಳನ್ನು ತಳ್ಳಿಹಾಕುತ್ತಾನೆ. ಆ ಮಾತು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಪರಿಶೀಲಿಸಿ, ಈ ಮೂರು ಎಡೆಗಳ ಬೆಟ್ಟನೆಲಗಳನ್ನು ಪಾದಚಾರಿಯ ದೃಷ್ಟಿಯಿಂದಲೂ ಪ್ರೇಕ್ಷಕನ ದೃಷ್ಟಿಯಿಂದಲೂ ಹೋಲಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಶಬ್ದವಿಚಾರ

ಸಂಸ್ಕೃತ ನಿಘಂಟುಗಳಲ್ಲಿ 'ಮರು' ಶಬ್ದಕ್ಕೆ ನೀರಿಲ್ಲದ ನೆಲ ಎಂಬ ಅರ್ಥದೊಡನೆ ಪರ್ವತ ಎಂಬ ಅರ್ಥವೂ ಉಂಟು. ನೀರಿಲ್ಲದ ನೆಲವೂ ಬೆಟ್ಟವೂ ಒಂದೇ ಶಬ್ದದಲ್ಲಿ ನೆಲೆಸಿರುವುದು ವಿಚಾರಾರ್ಹ. ಹಳಗನ್ನಡದ 'ಮೊರಡಿ'ಯು ಕಲ್ಲುದಿಣ್ಣೆಯನ್ನು ಸೂಚಿಸುತ್ತದೆ; ನಾಡಿನ ಅನೇಕ ಸ್ಥಳನಾಮಗಳಲ್ಲಿ ಅದು 'ಮರಡಿ'ಯಾಗಿ ಉಳಿದಿದೆ. ಉತ್ತರ ಕರ್ನಾಟಕದ ಒಕ್ಕಲಿಗನು ಕಲ್ಲುಮಿಶ್ರಿತ ಎತ್ತರದ ಗಡಸು ನೆಲವನ್ನು 'ಮಡ್ಡಿ' ಎಂದೂ, ಕೆಂಪು ನೆಲವನ್ನು 'ಮಸಾರಿ' ಎಂದೂ, ಕರಿಯ ನೆಲವನ್ನು 'ಎರೆ' ಎಂದೂ ಕರೆಯುತ್ತಾನೆ. ಶಾಲೆಯ ಬಾಲಕನು ಒಂದೇ ಹೆಸರಿಟ್ಟ ನೆಲಕ್ಕೆ ಅವನ ಅಜ್ಜನಲ್ಲಿ ಮೂರು ಹೆಸರುಗಳಿದ್ದವು. ಹೆಸರು ಬೇರೆಯಾದುದು ಗುಣ ಬೇರೆಯಾದುದರಿಂದಲೇ.

ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಮರುಭೂಮಿಯೆಂದು ಗಣಿಸುವುದು ಭೂಗೋಳಶಾಸ್ತ್ರದ ರೂಢಿ. ಬೀದರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ 800 ಮಿಲಿಮೀಟರಿಗೂ ಅಧಿಕ. ಆದುದರಿಂದ ಇದು ಮರುಭೂಮಿಯಲ್ಲ. ಆದರೆ ಆ ಮಳೆಯ ಬಹುಭಾಗ ಮುಂಗಾರಿನ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ. ಉಳಿದ ಕಾಲವೆಲ್ಲ ಬಿಸಿಲು. ಬಿದ್ದ ನೀರನ್ನು ನೆಲವು ಎಲ್ಲಿ, ಎಷ್ಟು ಕಾಲ ಇರಿಸಿಕೊಳ್ಳುತ್ತದೆ ಎಂಬುದೇ ಇಲ್ಲಿಯ ಬೆಟ್ಟಗಳ ರೂಪವನ್ನೂ ಗುಣವನ್ನೂ ನಿರ್ಣಯಿಸುತ್ತದೆ. ಈ ಒಂದು ಪ್ರಶ್ನೆಯನ್ನು ಕೈದೀಪವಾಗಿ ಹಿಡಿದು ನಡೆದರೆ ಮೂರು ಬೆಟ್ಟನೆಲಗಳೂ ಮೂರು ಬಗೆಯ ಉತ್ತರ ಕೊಡುತ್ತವೆ.

ಮೂಲಶಿಲೆ

ಮೂರಕ್ಕೂ ತಾಯಿ ಒಂದೇ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿಬಂದ ಲಾವಾರಸವು ಪದರಪದರವಾಗಿ ಹರಡಿ ಹೆಪ್ಪುಗಟ್ಟಿದ ಕರಿಯ ಬಸಾಲ್ಟ್ ಶಿಲೆಯೇ ದಖ್ಖನಿನ ಈ ಭಾಗದ ಅಡಿಪಾಯ. ವಿದ್ವಾಂಸರು ಇದನ್ನು 'ದಖ್ಖನ್ ಟ್ರ್ಯಾಪ್' ಎನ್ನುತ್ತಾರೆ. ಸ್ವೀಡನ್ ದೇಶದ ಭಾಷೆಯಲ್ಲಿ ಮೆಟ್ಟಿಲು ಎಂಬರ್ಥದ ಶಬ್ದದಿಂದ ಈ ಹೆಸರು ಬಂದಿದೆ. ಗಟ್ಟಿ ಪದರವು ಅಂಚಾಗಿ ನಿಂತು, ಮೆದು ಪದರವು ಇಳಿಜಾರಾಗಿ ಸವೆದು, ಬೆಟ್ಟದ ಪಕ್ಕೆಯು ಸೋಪಾನದಂತೆ ಕಾಣುವುದೇ ಇದಕ್ಕೆ ಕಾರಣ. ಬೀದರದ ಸುತ್ತ ಮಾತ್ರ ಈ ಶಿಲೆಯ ಮೇಲ್ಭಾಗವು ಯುಗಾಂತರಗಳ ಮಳೆ ಬಿಸಿಲುಗಳಿಗೆ ಸಿಕ್ಕಿ, ಕಬ್ಬಿಣದ ಅಂಶ ಉಳಿದು, ಕೆಂಪಾದ ಜಂಬಿಟ್ಟಿಗೆಯಾಗಿ ಮಾರ್ಪಟ್ಟಿದೆ. ಮಲಬಾರಿನ ಅಂಗಾಡಿಪುರದಲ್ಲಿ ಈ ಕಲ್ಲನ್ನು ಕಂಡಿದ್ದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ 'ಲ್ಯಾಟರೈಟ್' ಎಂಬ ಹೆಸರಿಟ್ಟನು. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಕನ್ನಡದ 'ಜಂಬಿಟ್ಟಿಗೆ'ಯಲ್ಲಿಯೂ ಇಟ್ಟಿಗೆಯೇ ಇರುವುದನ್ನು ಭಾಷಾಭ್ಯಾಸಿಗಳು ಗಮನಿಸಬೇಕು.

ಬೀದರ: ನೀರನ್ನು ಒಡಲೊಳಗಿಟ್ಟ ಬೆಟ್ಟ

ಬೀದರ ನಗರವು ಸಮುದ್ರಮಟ್ಟದಿಂದ ಸುಮಾರು 2,200 ಅಡಿ ಎತ್ತರದ ಕೆಂಪು ಪ್ರಸ್ಥಭೂಮಿಯ ಅಂಚಿನಲ್ಲಿದೆ. ದಕ್ಷಿಣದಿಂದ ಬರುವವನಿಗೆ ಇಲ್ಲಿ ಬೆಟ್ಟ ಹತ್ತಿದ ಅನುಭವವೇ ಆಗುವುದಿಲ್ಲ, ಬಯಲಿನಲ್ಲಿಯೇ ನಡೆದುಬಂದಂತಿರುತ್ತದೆ. ಆದರೆ ಕೋಟೆಯ ಉತ್ತರದ ಗೋಡೆಯ ಬಳಿ ನಿಂತೊಡನೆ ನೆಲ ಥಟ್ಟನೆ ಕೆಳಗಿಳಿದು, ಮಾಂಜ್ರಾ ನದಿಯ ಕಡೆಯ ತಗ್ಗುನಾಡು ಕಣ್ಣೆಟುಕುವವರೆಗೆ ಹಾಸಿಕೊಳ್ಳುತ್ತದೆ. ಇದು ಹತ್ತಿ ನೋಡುವ ಬೆಟ್ಟವಲ್ಲ, ಅಂಚಿಗೆ ಬಂದು ಇಣುಕಿ ನೋಡುವ ಬೆಟ್ಟ. ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದುದಕ್ಕೆ ಈ ಅಂಚಿನ ಭದ್ರತೆಯೂ ಒಂದು ಕಾರಣವೆನ್ನಬಹುದು. ಇಳಿಜಾರಿಲ್ಲದ ದಿಕ್ಕಿನಲ್ಲಿ ಜಂಬಿಟ್ಟಿಗೆಯನ್ನೇ ಕೊರೆದು ಮೂರು ಸುತ್ತಿನ ಕಂದಕ ತೆಗೆಯಲಾಯಿತು. ನೆಲದೊಳಗಿರುವಾಗ ಕಡಿಯಲು ಮೆದುವಾಗಿದ್ದು, ಗಾಳಿ ಸೋಕಿದ ಮೇಲೆ ಗಡಸಾಗುವ ಈ ಕಲ್ಲಿನ ಸ್ವಭಾವವು ಅಂದಿನ ಶಿಲ್ಪಿಗಳಿಗೆ ವರವಾಗಿತ್ತು.

ಈ ಕಲ್ಲಿನ ಮತ್ತೊಂದು ಗುಣ ರಂಧ್ರಮಯತೆ. ಮಳೆಯ ನೀರು ಕೆಂಪುಕಲ್ಲಿನ ಮೂಲಕ ಇಳಿದು, ಅದರ ಅಡಿಯ ಜೇಡಿಮಣ್ಣಿನ ಪದರವನ್ನು ಮುಟ್ಟಿ, ಮುಂದೆ ದಾರಿ ಕಾಣದೆ, ಅಡ್ಡಲಾಗಿ ಸಾಗಿ ಕಣಿವೆಯ ಪಕ್ಕೆಯಲ್ಲಿ ಒಸರುತ್ತದೆ. ಗುರುನಾನಕ್ ಝಿರಾ, ಪಾಪನಾಶದ ಒರತೆ, ಝರಣಿ ನರಸಿಂಹ - ಇವೆಲ್ಲ ಆ ಒಸರಿನ ಫಲಗಳು. ಝರಣಿ ನರಸಿಂಹ ಕ್ಷೇತ್ರದಲ್ಲಿ ಭಕ್ತರು ಸುಮಾರು 300 ಮೀಟರ್ ಉದ್ದದ ಗುಹೆಯಲ್ಲಿ ಎದೆಮಟ್ಟದ ನೀರಿನೊಳಗೆ ನಡೆದು ದೇವರ ದರ್ಶನ ಪಡೆಯುತ್ತಾರೆ. ಹೊರಗೆ ಬಿಸಿಲಿನಲ್ಲಿ ಬಿರಿಯುವ ಬೆಟ್ಟ, ಒಳಗೆ ತಣ್ಣೀರು! ಬೀದರದ ಬೆಟ್ಟವನ್ನು 'ಬರಡು' ಎನ್ನುವವರು ಈ ಗುಹೆಯೊಳಗೆ ನಾಲ್ಕು ಹೆಜ್ಜೆಯಿಟ್ಟರೆ ಸಾಕು.

ನೌಬಾದಿನ ಸುರಂಗಬಾವಿ ಅಥವಾ 'ಕರೇಜ್' ಇದೇ ಗುಣವನ್ನು ಅರಿತು ಮಾಡಿದ ಕಾರ್ಯ. ನೆಲದಡಿ ಸುರಂಗ ತೋಡಿ, ಅಲ್ಲಲ್ಲಿ ಗಾಳಿಬೆಳಕಿಗೂ ಹೂಳೆತ್ತುವುದಕ್ಕೂ ಲಂಬವಾದ ಕೂಪಗಳನ್ನಿರಿಸಿ, ಯಾವ ಯಂತ್ರವೂ ಇಲ್ಲದೆ ಇಳಿಜಾರಿನ ಬಲದಿಂದಲೇ ನೀರನ್ನು ತರುವ ಈ ಪದ್ಧತಿ ಇರಾನಿನದು. ಅಲ್ಲಿಯ ಯಜ್ದ್ ನಗರವು ನಿಜವಾದ ಮರುಭೂಮಿಯ ನಡುವಿದ್ದು, ಶೀರ್‌ಕೂಹ್ ಪರ್ವತದ ಕಡೆಯ ನೀರನ್ನು ಇಂಥ ಸುರಂಗಗಳಿಂದಲೇ ಪಡೆದು ಬಾಳಿದ ಊರು. ಮರುಭೂಮಿಯ ಬೆಟ್ಟ ಕಲಿಸಿದ ವಿದ್ಯೆ ಬಹಮನಿಯರ ಕಾಲದಲ್ಲಿ ಬೀದರದ ಬೆಟ್ಟಕ್ಕೆ ಬಂದು ನೆಲೆಸಿತು. ಇರಾನಿನ ಸುರಂಗಬಾವಿಗಳು 2016ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ನೌಬಾದಿನಲ್ಲಿ ಹೂಳು ತುಂಬಿದ್ದ ಕೂಪಗಳನ್ನು ಶುಚಿಗೊಳಿಸುವ ಕಾರ್ಯವೂ ಅದೇ ದಶಕದಲ್ಲಿ ನಡೆಯಿತು.

ನಡೆಯುವವನಿಗೆ ಇಲ್ಲಿ ಅನುಕೂಲ ಹೆಚ್ಚು. ಕೋಟೆಯಿಂದ ಅಷ್ಟೂರಿನ ಗುಮ್ಮಟಗಳವರೆಗಿನ ದಾರಿ ಒಂದು ಬೆಳಗಿನ ಸುಖನಡಿಗೆ. ಇಳಿಜಾರಿನ ಕಲ್ಲುಗಳ ನಡುವೆ ಸೀತಾಫಲದ ಪೊದೆಗಳು ದಟ್ಟವಾಗಿದ್ದು, ಮಳೆಗಾಲದ ಕೊನೆಗೆ ಫಲಭರಿತವಾಗುತ್ತವೆ. ಮಳೆ ನೆನೆದ ಅಂಚಿನ ಕಲ್ಲು ಕುಸಿಯುವುದರಿಂದ ಅಲ್ಲಿ ಮಾತ್ರ ಎಚ್ಚರ ಅವಶ್ಯ.

ಭಾಲ್ಕಿ: ನೀರನ್ನು ಮಣ್ಣಿನಲ್ಲಿಟ್ಟ ನೆಲ

ಬೀದರದಿಂದ ಭಾಲ್ಕಿಗೆ ಸುಮಾರು 40 ಕಿಲೋಮೀಟರ್. ಈ ದಾರಿಯಲ್ಲಿ ರೈಲಿನ ಕಿಟಕಿಯಿಂದ ನೋಡುತ್ತ ಬಂದವನಿಗೆ ಕೆಂಪು ನೆಲ ಹಿಂದೆ ಸರಿದು ಕರಿಯ ನೆಲ ತೆರೆದುಕೊಳ್ಳುವ ಕೌತುಕ ಕಾಣಸಿಗುತ್ತದೆ. ಇಲ್ಲಿ ಜಂಬಿಟ್ಟಿಗೆಯ ಹೊದಿಕೆ ಇಲ್ಲವಾಗಿ ಬಸಾಲ್ಟಿನ ಮಣ್ಣೇ ಮೇಲಿದೆ. ಬೆಟ್ಟವೆಂಬ ಹೆಸರಿಗೆ ತಕ್ಕ ಎತ್ತರ ಈ ಭಾಗದಲ್ಲಿ ವಿರಳ. ನೆತ್ತಿ ಚಪ್ಪಟೆಯಾದ ದಿಣ್ಣೆಗಳೂ ಅವುಗಳ ನಡುವೆ ಅಗಲವಾದ ಎರೆಹೊಲಗಳೂ ಇಲ್ಲಿಯ ಲಕ್ಷಣ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಕುಡಿದ ನೀರನ್ನು ತಿಂಗಳುಗಟ್ಟಲೆ ಹಿಡಿದಿಡುವುದರಿಂದಲೇ ಮಳೆ ನಿಂತ ಮೇಲೂ ಹಿಂಗಾರಿಯ ಜೋಳ ಕಡಲೆಗಳು ತೇವದ ಬಲದಿಂದ ಬೆಳೆಯುತ್ತವೆ.

ಆದುದರಿಂದ ಭಾಲ್ಕಿಯ ಚೆಲುವು ಎತ್ತರದಲ್ಲಿಲ್ಲ, ವಿಸ್ತಾರದಲ್ಲಿದೆ. ಮಳೆಗಾಲದಲ್ಲಿ ಪಾದಕ್ಕೆ ಸೇರುಗಟ್ಟಲೆ ಮಣ್ಣು ಅಂಟಿ ನಡೆಯುವುದೇ ದುಸ್ಸಾಧ್ಯ; ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಅದೇ ನೆಲ ಹಾಸುಗಂಬಳಿ. ಅಂದು ಊರಿಗೆ ಊರೇ ಭಜ್ಜಿ, ರೊಟ್ಟಿ, ಅಂಬಲಿಗಳನ್ನು ಹೊತ್ತು ಹೊಲಕ್ಕೆ ಹೊರಟು, ಚರಗ ಚೆಲ್ಲಿ, ನೆರೆಯವರನ್ನು ಕರೆದು ಉಣಿಸುವ ಆಚರಣೆಯು ಈ ಸೀಮೆಯ ನಿಸರ್ಗಯಾತ್ರೆಯೇ ಸರಿ. ಭಾತಂಬ್ರೆಯ ಹಳೆಯ ಕೋಟೆ, ಬ್ಯಾಲಹಳ್ಳಿಯ ಬಳಿಯ ಕಾರಂಜಾ ಜಲಾಶಯದ ವಿಸ್ತಾರವಾದ ನೀರು ಇಲ್ಲಿಯ ದರ್ಶನೀಯ ಸ್ಥಳಗಳು.

ಔರಾದ: ನೀರನ್ನು ನದಿಗೆ ಬಿಟ್ಟ ಮಡ್ಡಿ

ರಾಜ್ಯದ ಉತ್ತರದ ತುದಿಯಲ್ಲಿರುವ ಔರಾದ ಸೀಮೆಯು ಮಹಾರಾಷ್ಟ್ರ, ತೆಲಂಗಾಣಗಳಿಗೆ ಹೊಂದಿಕೊಂಡಿದೆ. ಬೀದರದಿಂದ ಅಲ್ಲಿಗೆ ಹೋಗುವವನು ಮಾಂಜ್ರೆಯನ್ನು ದಾಟಬೇಕು. ಮಹಾರಾಷ್ಟ್ರದ ಬಾಲಾಘಾಟದಲ್ಲಿ ಹುಟ್ಟುವ ಈ ನದಿ ಸುಮಾರು 724 ಕಿಲೋಮೀಟರ್ ಹರಿದು ಗೋದಾವರಿಯನ್ನು ಸೇರುತ್ತದೆ. ಔರಾದಿನ ದಿಣ್ಣೆಗಳಲ್ಲಿ ಮಣ್ಣಿನ ಹೊದಿಕೆ ತೆಳುವು, ಕಲ್ಲು ಅಧಿಕ. ಇಲ್ಲಿ ಬಿದ್ದ ಮಳೆ ನಿಲ್ಲಲು ಎಡೆಯಿಲ್ಲದೆ ಹಳ್ಳಗಳ ಮೂಲಕ ನದಿಗೆ ಓಡುತ್ತದೆ. ಮೂರರಲ್ಲಿ 'ಮರು' ಶಬ್ದಕ್ಕೆ ಹೆಚ್ಚು ಹತ್ತಿರವಾದುದು ಈ ಮಡ್ಡಿಯೇ.

ಆದರೂ ನೋಟದ ಗಾಂಭೀರ್ಯದಲ್ಲಿ ಇದಕ್ಕೇ ಅಗ್ರಸ್ಥಾನ. ಮೆಟ್ಟಿಲುಮೆಟ್ಟಿಲಾದ ಶಿಲಾಪದರಗಳು ಇಲ್ಲಿ ಮರೆಯಿಲ್ಲದೆ ಕಾಣುತ್ತವೆ. ಕರಿಯ ಕಲ್ಲಿನ ಗುಳಿಗಳಲ್ಲಿ ಬಿಳಿಯ ಹರಳುಗಳು ಹೊಳೆಯುತ್ತವೆ. ಮಳೆಗಾಲದಲ್ಲಿ ಹಸುರಾದ ಹುಲ್ಲು ಕಾರ್ತಿಕದಲ್ಲಿ ಹೊಂಬಣ್ಣ ತಾಳುತ್ತದೆ. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿದ ಮುತ್ತುಗವು ಕೆಂಡದಂತೆ ಅರಳುತ್ತದೆ. ಕೃಷ್ಣಮೃಗಗಳು ಬಾಳುವುದು ಇಂಥ ತೆರೆದ ಹುಲ್ಲುನೆಲಗಳಲ್ಲಿಯೇ, ದಟ್ಟಡವಿಯಲ್ಲಲ್ಲ. ಅಮರೇಶ್ವರನ ಸನ್ನಿಧಿಯಿಂದ ಹೊರಟು ದಿಣ್ಣೆಯೇರುವವನು ನೆರಳನ್ನು ಅಪೇಕ್ಷಿಸಬಾರದು, ನೀರನ್ನು ಕೈಯಲ್ಲಿಯೇ ಒಯ್ಯಬೇಕು. ವೈಶಾಖದ ಬಿಸಿಲು 40 ಡಿಗ್ರಿ ಮೀರುವುದರಿಂದ ಆ ಕಾಲದಲ್ಲಿ ನಡಿಗೆ ಸಲ್ಲದು.

ಫಲಿತಾರ್ಥ

ಸುಲಭವಾದ ನಡಿಗೆಗೂ ಇತಿಹಾಸದೊಡನಾಟಕ್ಕೂ ಬೀದರದ ಅಂಚು, ಸುಗ್ಗಿಯ ಸಮೃದ್ಧಿಯ ದರ್ಶನಕ್ಕೆ ಭಾಲ್ಕಿಯ ಎರೆ, ಏಕಾಂತಕ್ಕೂ ಶಿಲಾರೂಪಗಳ ಅಭ್ಯಾಸಕ್ಕೂ ಔರಾದಿನ ಮಡ್ಡಿ - ಹೀಗೆ ಮೂರಕ್ಕೂ ಅವುಗಳದೇ ಆದ ವೈಶಿಷ್ಟ್ಯವಿದೆ. ಒಂದನ್ನು ಮೇಲೆಂದೂ ಇನ್ನೊಂದನ್ನು ಕೀಳೆಂದೂ ಹೇಳುವುದಕ್ಕಿಂತ ಒಂದೊಂದರ ಜಲಮರ್ಮವನ್ನು ಅರಿಯುವುದು ಮುಖ್ಯ.

ಇದು ಕೇವಲ ರಸಿಕತೆಯ ಮಾತಲ್ಲ. 2016ರ ಬೇಸಗೆಯಲ್ಲಿ ಇದೇ ಮಾಂಜ್ರಾ ಕಣಿವೆಯ ಮೇಲ್ಭಾಗದ ಲಾತೂರಿಗೆ ಮೀರಜಿನಿಂದ ರೈಲಿನಲ್ಲಿ ಕುಡಿಯುವ ನೀರನ್ನು ಸಾಗಿಸಬೇಕಾಯಿತು. ಲಾತೂರಿನ ಮಳೆಗೂ ಭಾಲ್ಕಿಯ ಮಳೆಗೂ ಹೆಚ್ಚಿನ ಅಂತರವಿಲ್ಲ. ಬರಡೆಂದು ಬಗೆದ ನೆಲವನ್ನು ಕಡಿಯುವುದಕ್ಕೆ ಯಾರ ಮನಸ್ಸೂ ಅಳುಕುವುದಿಲ್ಲ. ಕೆಂಪುಕಲ್ಲನ್ನು ಮಿತಿಮೀರಿ ಕಡಿದರೆ ಒರತೆಯ ತವರು ಹೋಗುತ್ತದೆ; ಸುರಂಗಬಾವಿಯ ಕೂಪದ ಮೇಲೆ ಮನೆ ಎದ್ದರೆ ಐದುನೂರು ವರ್ಷಗಳ ದಾರಿ ಮುಚ್ಚುತ್ತದೆ; ಮಡ್ಡಿಯ ಹುಲ್ಲು ಹೋದರೆ ಉಳಿದ ತೆಳುಮಣ್ಣೂ ಮಾಂಜ್ರೆಯ ಪಾಲಾಗುತ್ತದೆ.

ಅಧ್ಯಾಪಕರು ವರ್ಷಕ್ಕೊಮ್ಮೆ ಮಕ್ಕಳನ್ನು ದೂರದ ಪ್ರೇಕ್ಷಣೀಯ ಸ್ಥಳಗಳಿಗೆ ಕರೆದೊಯ್ಯುವುದು ಉಚಿತವೇ. ಅದರೊಡನೆ ಭಾದ್ರಪದದಲ್ಲಿ ಒಂದು ದಿನ ಬೀದರದ ಒರತೆಗಳಿಗೆ, ಪುಷ್ಯದಲ್ಲಿ ಒಂದು ದಿನ ಭಾಲ್ಕಿಯ ಹೊಲಗಳಿಗೆ, ಮಾಘದಲ್ಲಿ ಒಂದು ದಿನ ಔರಾದಿನ ದಿಣ್ಣೆಗಳಿಗೆ ಕಾಲ್ನಡಿಗೆಯಲ್ಲಿ ಕರೆದೊಯ್ದರೆ ಭೂಗೋಳ, ಇತಿಹಾಸ, ಭಾಷೆ ಮೂರೂ ಪಾಠಗಳು ಒಮ್ಮೆಗೇ ಆಗುತ್ತವೆ. ಅದಕ್ಕೆ ತಗಲುವ ವೆಚ್ಚ ಬುತ್ತಿಯ ರೊಟ್ಟಿಯಷ್ಟೆ. ಮಸಾರಿ, ಎರೆ, ಮಡ್ಡಿ ಎಂಬ ಮೂರು ಹೆಸರುಗಳನ್ನು ಅಜ್ಜನಂತೆಯೇ ನೆಲ ಮುಟ್ಟಿ ಹೇಳಬಲ್ಲ ಬಾಲಕನು ಮುಂದೆ ಆ ನೆಲವನ್ನು ಬರಡೆಂದು ಕರೆಯಲಾರನು.