ಶಸ್ತ್ರಚಿಕಿತ್ಸೆಯ ನಂತರದ ವಿಶ್ರಾಂತಿ ಮತ್ತು ಕಾಯಿಲೆ ಭತ್ಯೆ



ನಮ್ಮ ಸಣ್ಣ ಹಿಡುವಳಿದಾರರ ಮನೆಗಳಲ್ಲಿ ಮಗನೋ ಮಗಳೋ ಬೆಂಗಳೂರು, ಮೈಸೂರು, ಹಾಸನದ ಕಾರ್ಖಾನೆಗಳಲ್ಲಿ ಕೆಲಸಕ್ಕಿರುವುದು ಈಗ ಸಾಮಾನ್ಯ. ಅಡಿಕೆಗೆ ಕೊಳೆ ಬಿದ್ದ ವರ್ಷ, ಹೂಮಳೆ ಕೈಕೊಟ್ಟ ವರ್ಷ, ಅವರ ಸಂಬಳವೇ ಮನೆಗೆ ಆಧಾರ. ಅಂಥವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯಾದರೆ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ. ಆಸ್ಪತ್ರೆಯ ಖರ್ಚು ಒಂದು. ಗಾಯ ಮಾಗುವ ತನಕ ಸಂಬಳ ನಿಲ್ಲುವುದು ಇನ್ನೊಂದು. ಈ ಎರಡನೆಯ ನಷ್ಟ ತುಂಬಲು ಇ.ಎಸ್.ಐ. ಯೋಜನೆಯಲ್ಲಿ ಕಾಯಿಲೆ ಭತ್ಯೆ ಇದೆ. ಕ್ರಮ ತಿಳಿಯದೆ ಅದನ್ನು ಕಳೆದುಕೊಳ್ಳಬಾರದು.

ಯಾರಿಗೆ ಉಂಟು?

1948ರ ಕಾಯ್ದೆಯಿಂದ ಹುಟ್ಟಿದ ಈ ಯೋಜನೆ 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಮೊದಲು ಜಾರಿಗೆ ಬಂತು. 2017ರ ಜನವರಿಯಲ್ಲಿ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈಯಲ್ಲಿ ನೌಕರನ ವಂತಿಗೆ ಸಂಬಳದ ನೂರಕ್ಕೆ 0.75, ಮಾಲೀಕನದು 3.25 ಎಂದು ಗೊತ್ತುಪಡಿಸಲಾಯಿತು. ಕಾಫಿ ತಯಾರಿಕೆಯಲ್ಲೇ ತೊಡಗಿದ ಕಾರ್ಖಾನೆಗಳನ್ನು 1948ರ ಕಾಯ್ದೆ ಋತುಮಾನದ ಕಾರ್ಖಾನೆಗಳೆಂದು ಹೊರಗಿಟ್ಟಿತ್ತು. ಆದ್ದರಿಂದ ಕ್ಯೂರಿಂಗ್ ವರ್ಕ್ಸ್‌ನಲ್ಲಿ ದುಡಿಯುವವರು ತಮ್ಮ ಸಂಬಳದ ಚೀಟಿಯಲ್ಲಿ ಇ.ಎಸ್.ಐ. ಕಡಿತ ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಎಷ್ಟು ದಿನದ ವಂತಿಗೆ ಬೇಕು?

ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಸಂದಿರಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮುಂದಿನ ಜನವರಿಯಿಂದ ಜೂನ್‌ವರೆಗೆ ಭತ್ಯೆಯ ಹಕ್ಕು. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್‌ವರೆಗೆ. ಅಂದರೆ ಫೆಬ್ರವರಿಯಲ್ಲಿ ಶಸ್ತ್ರಚಿಕಿತ್ಸೆಯಾದರೆ ಹಿಂದಿನ ಏಪ್ರಿಲ್–ಸೆಪ್ಟೆಂಬರ್ ಲೆಕ್ಕವನ್ನು ನೋಡುತ್ತಾರೆ.

ಎಷ್ಟು ಹಣ?

ಸರಾಸರಿ ದಿನಗೂಲಿಯ ನೂರಕ್ಕೆ 70ರಂತೆ, ಒಂದಾದ ಮೇಲೊಂದು ಬರುವ ಎರಡು ಭತ್ಯೆ ಅವಧಿಗಳಲ್ಲಿ ಒಟ್ಟು 91 ದಿನಗಳವರೆಗೆ ಸಿಗುತ್ತದೆ. ಮೊದಲ ಎರಡು ದಿನಕ್ಕೆ ಭತ್ಯೆಯಿಲ್ಲ. ಹಿಂದಿನ ಕಾಯಿಲೆ ಮುಗಿದು 15 ದಿನದೊಳಗೆ ಮತ್ತೆ ಮಲಗಿದರೆ ಈ ಎರಡು ದಿನದ ಕಡಿತವಿಲ್ಲ.

ಒಂದು ಲೆಕ್ಕ ನೋಡೋಣ. ದಿನಗೂಲಿ 600 ರೂಪಾಯಿ ಇದ್ದರೆ ಭತ್ಯೆ ದಿನಕ್ಕೆ 420 ರೂಪಾಯಿ. ವೈದ್ಯರು 45 ದಿನ ವಿಶ್ರಾಂತಿ ಬರೆದರೆ, ಎರಡು ದಿನ ಕಳೆದು 43 ದಿನಕ್ಕೆ 18,060 ರೂಪಾಯಿ ಆಗುತ್ತದೆ. ಸಣ್ಣ ಬೆಳೆಗಾರನ ಮನೆಗೆ ಇದು ಬಿಟ್ಟುಕೊಡುವ ಹಣವಲ್ಲ.

ಕ್ಯಾನ್ಸರ್, ಕ್ಷಯದಂಥ ಗೊತ್ತುಪಡಿಸಿದ ದೀರ್ಘ ಕಾಯಿಲೆಗಳಿಗೆ, ಎರಡು ವರ್ಷ ಸತತ ಕೆಲಸ ಮಾಡಿ ಅಗತ್ಯವಾದಷ್ಟು ವಂತಿಗೆ ಕಟ್ಟಿದವರಿಗೆ, ನೂರಕ್ಕೆ 80ರ ದರದಲ್ಲಿ ವಿಸ್ತೃತ ಭತ್ಯೆಯೂ ಉಂಟು.

ಗಮನದಲ್ಲಿಡಬೇಕಾದ ಅಂಶಗಳು

1. ಕಾಯಿಲೆ ಚೀಟಿ ಇಲ್ಲದೆ ಭತ್ಯೆಯಿಲ್ಲ. ಇ.ಎಸ್.ಐ. ವೈದ್ಯರಿಂದ ಮೊದಲ ಚೀಟಿ, ನಡುವಿನ ಚೀಟಿಗಳು, ಕೊನೆಗೆ ಕೆಲಸಕ್ಕೆ ಯೋಗ್ಯ ಎಂಬ ಚೀಟಿ, ಹೀಗೆ ಸರಪಣಿ ಕಡಿಯದಂತೆ ಪಡೆಯಬೇಕು. ನಡುವೆ ಒಂದು ವಾರ ತಪ್ಪಿದರೆ ಆ ವಾರದ ಹಣಕ್ಕೆ ತಕರಾರು ಬರುತ್ತದೆ.

2. ಬೇರೆ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗಿದ್ದರೆ, ಬಿಡುಗಡೆ ಪತ್ರವನ್ನೂ ವೈದ್ಯರ ಚೀಟಿಗಳನ್ನೂ ತಡಮಾಡದೆ ಇ.ಎಸ್.ಐ. ಚಿಕಿತ್ಸಾಲಯಕ್ಕೆ ತೋರಿಸಬೇಕು. ಮೂಲ ಪ್ರತಿ ಕೊಡುವ ಮೊದಲು ನಕಲು ಇಟ್ಟುಕೊಳ್ಳಿ.

3. ಕೆಲಸ ಮಾಡಿದ ದಿನಕ್ಕೂ ಸಂಬಳ ಸಹಿತ ರಜೆಯ ದಿನಕ್ಕೂ ಭತ್ಯೆ ಸಿಗದು. ಒಂದೇ ದಿನಕ್ಕೆ ಸಂಬಳ ಮತ್ತು ಭತ್ಯೆ ಎರಡೂ ಕೇಳುವಂತಿಲ್ಲ.

4. ಇದು ನಮ್ಮವರು ಹೆಚ್ಚಾಗಿ ಮರೆಯುವ ಮಾತು. ಭತ್ಯೆ ಪಡೆಯುವವರು ವೈದ್ಯರ ಅನುಮತಿಯಿಲ್ಲದೆ ಚಿಕಿತ್ಸೆಯ ಊರು ಬಿಡಬಾರದು. ಸುಧಾರಿಸಿಕೊಳ್ಳಲು ಮನೆಗೆ ಬರುವುದು ಸಹಜವೇ. ಆದರೆ ಹೊರಡುವ ಮೊದಲೇ ಕೇಳಿ ಒಪ್ಪಿಗೆ ಪಡೆಯಬೇಕು.

5. ಗುಣವಾಗುವುದಕ್ಕೆ ಅಡ್ಡಿಯಾಗುವ ಯಾವ ಕೆಲಸವನ್ನೂ ಮಾಡಕೂಡದು. ಹಣ್ಣು ಕೊಯ್ಲಿಗೆ ಆಳು ಸಿಗಲಿಲ್ಲವೆಂದು ಹೊಟ್ಟೆ ಕೊಯ್ಸಿಕೊಂಡ ಮಗನ ಹೆಗಲಿಗೆ ಕಾಫಿ ಮೂಟೆ ಏರಿಸಿದರೆ ಭತ್ಯೆಯೂ ಹೋದೀತು, ಹೊಲಿಗೆಯೂ ಬಿಟ್ಟೀತು. ಮನೆಯ ಹಿರಿಯರು ಇದನ್ನು ಅರಿತು ನಡೆಯಬೇಕು.

ಬೆಳೆಗಾರನಿಗೇ ಕಾಯಿಲೆಯಾದರೆ?

ಸ್ವಂತ ತೋಟದಲ್ಲಿ ದುಡಿಯುವವನಿಗೆ ಮಾಲೀಕನಿಲ್ಲ. ಆದ್ದರಿಂದ ಈ ಭತ್ಯೆಯೂ ಇಲ್ಲ. 2003ರಲ್ಲಿ ಆರಂಭವಾಗಿ, 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಜಾರಿಯಾದ ಯಶಸ್ವಿನಿ ಯೋಜನೆ ಸಹಕಾರಿ ಸದಸ್ಯರ ಆಸ್ಪತ್ರೆ ಖರ್ಚಿಗೆ ನೆರವಾಗುತ್ತದೆಯೇ ಹೊರತು ದುಡಿಮೆಯ ನಷ್ಟವನ್ನು ತುಂಬುವುದಿಲ್ಲ. ಹಾಗಾಗಿ ಮುಂದೂಡಬಹುದಾದ ಶಸ್ತ್ರಚಿಕಿತ್ಸೆಯನ್ನು ವೈದ್ಯರ ಒಪ್ಪಿಗೆಯೊಂದಿಗೆ ಕೊಯ್ಲು ಮುಗಿದ ಮೇಲೆ ಇಟ್ಟುಕೊಳ್ಳುವುದು, ನೆರೆಹೊರೆಯಲ್ಲಿ ಮುಯ್ಯಾಳು ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು. ವೈದ್ಯರು ತಡ ಬೇಡವೆಂದರೆ ಮಾತ್ರ ಬೆಳೆಯನ್ನು ನೋಡುತ್ತ ಕೂರಬಾರದು. ಒಂದು ವರ್ಷದ ಫಸಲು ಮುಂದಿನ ವರ್ಷ ಬಂದೀತು. ಕೆಟ್ಟ ಆರೋಗ್ಯ ಹಾಗೆ ಬರುವುದಿಲ್ಲ.

ಇ.ಎಸ್.ಐ. ಇರುವ ಮಕ್ಕಳು ಈ ಸಲ ಹಬ್ಬಕ್ಕೆ ಊರಿಗೆ ಬಂದಾಗ ಅವರ ವಿಮಾ ಸಂಖ್ಯೆ, ಚಿಕಿತ್ಸಾಲಯದ ಹೆಸರು, ಬ್ಯಾಂಕ್ ಖಾತೆಯ ವಿವರ ಬರೆದು ಮನೆಯಲ್ಲಿ ಇಟ್ಟುಕೊಳ್ಳಿರಿ. ಕಷ್ಟ ಬಂದ ದಿನ ಹುಡುಕುತ್ತ ಕೂರುವುದು ತಪ್ಪುತ್ತದೆ.