ನಾಲ್ವರ ಸವಾರಿ, ಒಂದೇ ಖಾತೆ

ಪುಣೆಯಿಂದ ಗೋವಾಕ್ಕೆ ಸಾಗುವ ಡೆಕ್ಕನ್ ಕ್ಲಿಫ್‌ಹ್ಯಾಂಗರ್ ಸೈಕಲ್ ಸ್ಪರ್ಧೆಯ ಹಾದಿ 643 ಕಿ.ಮೀ. ಒಬ್ಬಂಟಿಯಾಗಿ ತುಳಿಯುವವರ ಜತೆಗೆ ಇದರಲ್ಲಿ ಇಬ್ಬರ ಮತ್ತು ನಾಲ್ವರ ರಿಲೇ ತಂಡಗಳಿಗೂ ಅವಕಾಶವಿದೆ. ಗಂಟೆಗೆ ಸರಾಸರಿ 25 ಕಿ.ಮೀ. ವೇಗ ಉಳಿಸಿಕೊಂಡರೂ ಗುರಿ ಮುಟ್ಟಲು 26 ಗಂಟೆ ಬೇಕು. ಒಂದು ಇಡೀ ರಾತ್ರಿ ರಸ್ತೆಯ ಮೇಲೆಯೇ ಕಳೆಯುತ್ತದೆ. ನಾಲ್ವರ ತಂಡದಲ್ಲಿ ತಲೆಗೆ ಸುಮಾರು 160 ಕಿ.ಮೀ. ಬೀಳುವುದರಿಂದ, ನೌಕರಿ, ಸಂಸಾರದ ನಡುವೆ ಬೆಳಿಗ್ಗೆ ಎರಡು ತಾಸು ಮಾತ್ರ ಬಿಡುವಿರುವವರಿಗೂ ಇದು ಎಟುಕುವ ಗುರಿ. ಎಟುಕದೇ ಹೋಗುವುದು ಹೆಚ್ಚಾಗಿ ಖರ್ಚಿನ ಲೆಕ್ಕ. ಈ ಅಂಕಣಕಾರನಿದ್ದ ಹುಬ್ಬಳ್ಳಿಯ ನಾಲ್ವರ ತಂಡ ಅದನ್ನು ತಪ್ಪಿ ತಪ್ಪಿಯೇ ಕಲಿಯಿತು.

ತಯಾರಿ ಶುರುವಾದಾಗ ಮಾತೆಲ್ಲ ಸೈಕಲ್ಲಿನ ಸುತ್ತಲೇ. ಆದರೆ ಸೈಕಲ್ ಅವರವರ ಸ್ವಂತ ಆಸ್ತಿ, ಸ್ಪರ್ಧೆ ಮುಗಿದ ಮೇಲೂ ವರ್ಷಗಟ್ಟಲೆ ಉಳಿಯುವಂಥದ್ದು. ಅದನ್ನು ಸ್ಪರ್ಧೆಯ ಖರ್ಚಿಗೆ ಸೇರಿಸುವುದು ಸರಿಯಲ್ಲ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆಗೆ ಮುಂಚೆ 60,000 ರೂಪಾಯಿ ಬೆಲೆಯ ಸೈಕಲ್ಲಿಗೆ ಇದರಿಂದ 4,200 ರೂಪಾಯಿ ಉಳಿಯುತ್ತದೆ.

ಸವೆಯುವ ಭಾಗಗಳ ಮಾತು ಬೇರೆ. ಹಾಳಾದ ಚೈನನ್ನೇ ತುಳಿಯುತ್ತಿದ್ದರೆ ಅದು ಹಿಂದಿನ ಹಲ್ಲುಚಕ್ರಗಳನ್ನೂ ತಿನ್ನುತ್ತದೆ. ಚೈನ್ ಚೆಕರ್ ಎಂಬ ಚಿಕ್ಕ ಉಕ್ಕಿನ ಪಟ್ಟಿಯನ್ನು ಕೊಂಡಿಗಳ ನಡುವೆ ಇಳಿಸಿ ನೋಡಬೇಕು. 0.5 ಎಂದು ಬರೆದ ತುದಿ ತಡೆಯಿಲ್ಲದೆ ಪೂರ್ತಿ ಒಳಗೆ ಕುಳಿತರೆ, 11 ಅಥವಾ 12 ಗೇರಿನ ಸೈಕಲ್ಲಿಗೆ ಹೊಸ ಚೈನು ಹಾಕುವ ಹೊತ್ತು ಬಂದಿದೆ ಎಂದೇ ಅರ್ಥ. ಆಗ ಚೈನಿಗೆ ಹಣ ಕೊಡಲು ಹಿಂಜರಿದರೆ ಮುಂದೆ ಆ ಹಲ್ಲುಚಕ್ರಗಳ ಇಡೀ ಕ್ಯಾಸೆಟ್ಟಿಗೆ ತೆರಬೇಕಾಗುತ್ತದೆ.

ಅಭ್ಯಾಸಕ್ಕೆ ದುಬಾರಿ ತರಬೇತಿ ಬೇಕಿಲ್ಲ. ಆಡಾಕ್ಸ್ ಇಂಡಿಯಾದ ಅಡಿಯಲ್ಲಿ ನಡೆಯುವ ಬಿಆರ್‌ಎಂ ಎಂಬ ದೂರದ ಸವಾರಿಗಳಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300 ಕಿ.ಮೀ.ಗೆ 20 ಗಂಟೆ ಕಾಲಮಿತಿ. ಬೆನ್ನಿಗೆ ಗಾಡಿ ಇಟ್ಟುಕೊಳ್ಳುವಂತಿಲ್ಲ, ತನ್ನ ಪಂಕ್ಚರ್ ತಾನೇ ಹಾಕಿಕೊಳ್ಳಬೇಕು. 300ರ ಸವಾರಿಯಲ್ಲಿ ಬಹುಮಟ್ಟಿಗೆ ಕತ್ತಲಾಗಿಯೇ ಆಗುತ್ತದೆ. ತನಗೆ ಯಾವ ದೀಪ ಸಾಕು, ಹೊಟ್ಟೆಗೆ ಏನು ಒಗ್ಗುತ್ತದೆ ಎಂಬುದು ಅಲ್ಲೇ ಗೊತ್ತಾಗಿಬಿಟ್ಟರೆ ಬೇಡದ ಖರೀದಿ ಎಷ್ಟೋ ತಪ್ಪುತ್ತದೆ.

ರಿಲೇಯ ನಿಜವಾದ ಖರ್ಚು ಹಿಂದೆ ಬರುವ ಗಾಡಿಯದು. ಅಂಕಣಕಾರನ ತಂಡ ಕಿ.ಮೀ.ಗೆ 20 ರೂಪಾಯಿಯಂತೆ ಒಂದು ದೊಡ್ಡ ಟ್ಯಾಕ್ಸಿ ಗೊತ್ತು ಮಾಡಿ, ಸ್ಪರ್ಧೆಯ ಹಾದಿಯನ್ನಷ್ಟೇ ಎಣಿಸಿ 13,000 ರೂಪಾಯಿ ಎತ್ತಿಟ್ಟಿತ್ತು. ಹುಬ್ಬಳ್ಳಿಯಿಂದ ಪುಣೆಗೆ 430, ಗೋವಾದಿಂದ ಮರಳಲು 170 ಕಿ.ಮೀ. ಇರುವುದು ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಒಟ್ಟು 1,240 ಕಿ.ಮೀ.ಗೆ 24,800 ರೂಪಾಯಿ ಆಯಿತು. 26 ತಾಸು ಒಬ್ಬನೇ ಚಾಲಕ ಎಚ್ಚರ ಇರಲಾರ, ಇರಲೂಬಾರದು. ಇಬ್ಬರು ಬೇಕೇ ಬೇಕು. ಟ್ಯಾಕ್ಸಿಯವರ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಶುಕ್ರವಾರ ಸಂಜೆ ಹೊರಟು ಭಾನುವಾರ ತಡರಾತ್ರಿ, ಹನ್ನೆರಡು ದಾಟಿದ ಮೇಲೆ, ಮನೆ ಮುಟ್ಟಿದ್ದಕ್ಕೆ ನಾಲ್ಕು ದಿನದ ಬಾಟಾ ಬಿತ್ತು: ದಿನಕ್ಕೆ 600ರಂತೆ ಇಬ್ಬರಿಗೆ 4,800. ಸೈಕಲ್ಲಿನ ತೆರಿಗೆಯಲ್ಲಿ ಉಳಿದದ್ದಕ್ಕಿಂತ ಇದೇ ಹೆಚ್ಚು. ಹೊರರಾಜ್ಯದ ತೆರಿಗೆ, ಟೋಲ್ ಸೇರಿ 32,000ಕ್ಕೆ ಬಂದು ನಿಂತಿತು.

ಗೆಳೆಯರ ಬಿಳಿ ಫಲಕದ ಕಾರು ತೆಗೆದುಕೊಂಡು ಹೋಗಿ ಬಾಡಿಗೆ ಕೊಡುವುದು ಅಗ್ಗದ ದಾರಿಯಾಗಿ ಕಾಣುತ್ತದೆ. ಅದು ಬೇಡ. ಖಾಸಗಿ ವಾಹನವನ್ನು ಬಾಡಿಗೆಗೆ ಓಡಿಸುವುದು ಕಾನೂನಿಗೆ ವಿರುದ್ಧ, ಅಪಘಾತವಾದರೆ ವಿಮಾ ಕಂಪನಿ ಪರಿಹಾರ ನಿರಾಕರಿಸಬಹುದು. ಬಾಡಿಗೆಯಿಲ್ಲದೆ ಕೊಟ್ಟರೆ ಇಂಧನ ತಂಡದ್ದು. ಸೈಕಲ್ಲಿನ ವೇಗದಲ್ಲಿ ಕೆಳಗಿನ ಗೇರಿನಲ್ಲೇ ತೆವಳುವ ಕಾರಿಗೆ ಎಂದಿನ ಮೈಲೇಜ್ ಸಿಗುವುದಿಲ್ಲ ಎಂಬುದನ್ನೂ ಎಣಿಸಿಕೊಳ್ಳಬೇಕು.

ಇಂಥ ಖರ್ಚಿಗೆ ತಿಂಗಳ ಕಂತಿನ ನಿಧಿಯೇ ಸರಿ. ಅಂಕಣಕಾರನ ತಂಡದ ನಾಲ್ವರೂ ತಿಂಗಳಿಗೆ 1,500ರಂತೆ ಎಂಟು ತಿಂಗಳು ಕಟ್ಟಿ 48,000 ರೂಪಾಯಿ ಕೂಡಿಸುವುದೆಂದು ಒಪ್ಪಿದ್ದರು. ಆ ಹಣ ಒಬ್ಬರ ಸಂಬಳದ ಖಾತೆಯಲ್ಲಿ ಬೆರೆತರೆ ಮೂರನೇ ತಿಂಗಳಿಗೇ ಲೆಕ್ಕ ಕಲಸಿಹೋಗುತ್ತದೆ. ಇಬ್ಬರ ಹೆಸರಿನಲ್ಲಿ ಪ್ರತ್ಯೇಕ ಉಳಿತಾಯ ಖಾತೆ ತೆರೆದು, ಇಬ್ಬರಲ್ಲಿ ಯಾರಾದರೂ ವ್ಯವಹರಿಸಬಹುದು ಎಂಬ ಆಯ್ಕೆ ಗುರುತಿಸುವುದು ಲೇಸು. ಇಬ್ಬರ ಸಹಿಯೂ ಬೇಕೆಂದರೆ ಸಾಮಾನ್ಯವಾಗಿ ಯುಪಿಐ ಸಿಗುವುದಿಲ್ಲ. ಎಂಟೇ ತಿಂಗಳ ಮಾತಾದ್ದರಿಂದ ಆರ್‌ಡಿಯ ಬಡ್ಡಿಗೆ ಆಸೆಪಡುವ ಅಗತ್ಯವಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಬರಹ, ನಡುವೆ ಒಬ್ಬರು ಬಿಟ್ಟರೆ ಏನು ಎಂಬುದು. ಇದನ್ನು ಮೊದಲ ಕಂತಿಗೂ ಮುಂಚೆ ಬರೆದಿಡಬೇಕು. ಸ್ಪರ್ಧೆಗೆ ಆರು ವಾರ ಇದ್ದಾಗ ಅಂಕಣಕಾರನ ಗೆಳೆಯನೊಬ್ಬನ ಮೊಣಕಾಲು ಊದಿಕೊಂಡು, ವೈದ್ಯರು ಸವಾರಿ ಬೇಡವೆಂದರು. ಅಷ್ಟರಲ್ಲಿ ಆತ ಕಟ್ಟಿದ್ದು ಆರು ಕಂತು, 9,000 ರೂಪಾಯಿ. ಅವನು ಕೇಳಲಿಲ್ಲ, ಉಳಿದವರು ಎತ್ತಲಿಲ್ಲ. ಬದಲಿಗೆ ಬಂದ ಸವಾರ, ತಾನು ಉಳಿದೆರಡು ಕಂತು ಕೊಟ್ಟರೆ ಸಾಕೆಂದುಕೊಂಡಿದ್ದ. ಎರಡು ವಾರ ಉಣಕಲ್ ಕೆರೆಯ ಬಳಿ ಬೆಳಗಿನ ಸವಾರಿಗೆ ಸೇರಿದಾಗಲೂ ಮಾತು ಕಡಿಮೆಯಾಗಿತ್ತು. ಕೊನೆಗೆ ಒಂದು ಚಹಾದಂಗಡಿಯ ಬೆಂಚಿನ ಮೇಲೆ ನೋಟ್‌ಬುಕ್ ಬಿಚ್ಚಲಾಯಿತು. ನಿಧಿಯ 36,000ದಲ್ಲಿ ನೋಂದಣಿ, ಗಾಡಿಯ ಮುಂಗಡ, ಜರ್ಸಿಗೆ 22,000 ಖರ್ಚಾಗಿತ್ತು, ತಲೆಗೆ 5,500. ಬದಲಿ ಸವಾರನ ಉಪಯೋಗಕ್ಕೆ ಬರುವುದನ್ನು ಅವನೇ ಭರಿಸಬೇಕು, ಬಾರದ್ದನ್ನು ಬಿಟ್ಟುಹೋದವ ಹೊರಬೇಕು ಎಂಬ ನ್ಯಾಯಕ್ಕೆ ಎಲ್ಲರೂ ಒಪ್ಪಿದರು. ಅವನ ಹೆಸರು ಅಚ್ಚಾಗಿದ್ದ 1,200 ರೂಪಾಯಿಯ ಜರ್ಸಿ ಮಾತ್ರ ಅವನ ಪಾಲಿಗೆ ಉಳಿಯಿತು, 7,800 ರೂಪಾಯಿ ಮರಳಿತು. ಸ್ಪರ್ಧೆಯ ರಾತ್ರಿ ಅದೇ ಗೆಳೆಯ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತು, ನೀರಿನ ಬಾಟಲಿ ಚಾಚುತ್ತ ಚಾಲಕನನ್ನು ಮಾತಾಡಿಸುತ್ತಿದ್ದ.

ವಿಮೆಯ ಬಗ್ಗೆ ಒಂದು ಮಾತು. ಆರೋಗ್ಯ ವಿಮೆಯಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಡುವ ಸಾಮಾನ್ಯ ಷರತ್ತು ವೃತ್ತಿಪರರಾಗಿ ಭಾಗವಹಿಸುವವರಿಗೆ ಅನ್ವಯಿಸುವಂಥದ್ದು. ವೈಯಕ್ತಿಕ ಅಪಘಾತ ವಿಮೆಯ ಷರತ್ತುಗಳು ಬೇರೆಯೇ ಇರಬಹುದು. ಸ್ಪರ್ಧೆ ಎಂಬ ಪದ ಅಲ್ಲಿ ಎಲ್ಲಿ ಬರುತ್ತದೆಂದು ಹುಡುಕಿ ಓದಿ, ಕಂಪನಿಯಿಂದ ಲಿಖಿತ ಉತ್ತರ ಪಡೆಯಬೇಕು.

ಸ್ಪರ್ಧೆ ಮುಗಿದ ಮೇಲೆ ನಿಧಿಯ ಹಣದಲ್ಲಿ ಕೊಂಡ ಸಾಮಾನಿನ ಲೆಕ್ಕ ಉಳಿಯುತ್ತದೆ. ಅಂಕಣಕಾರನ ತಂಡದಲ್ಲಿ ಸೈಕಲ್ ಹೊರುವ ರ‍್ಯಾಕು, ನಿಲ್ಲಿಸಿ ಗಾಳಿ ಹಾಕುವ ಪಂಪು ಇದ್ದವು. ಎರಡನ್ನೂ ಸದಸ್ಯರೇ ಅರ್ಧ ಬೆಲೆಗೆ ಕೊಂಡರು, ಬಂದ ಹಣವನ್ನು ಶಿಲ್ಕಿಗೆ ಸೇರಿಸಿ ನಾಲ್ವರಿಗೂ ಹಂಚಲಾಯಿತು. ವಾರದೊಳಗೆ ಖಾತೆ ಮುಚ್ಚಿದರು.