ಎಣಿಸುವ ದೀಪಗಳು: ಝಡ್80 ಗಣಕವನ್ನು ಹಂತಹಂತವಾಗಿ ಕಟ್ಟಿ ಪರೀಕ್ಷಿಸುವ ಪಾಠ

ತರಗತಿ: 9
ಅವಧಿ: 40 ನಿಮಿಷಗಳ ಎರಡು ಪಾಠಗಳು
ಪೂರ್ವಜ್ಞಾನ: ಸರಳ ವಿದ್ಯುನ್ಮಂಡಲ, ದ್ವಿಮಾನ ಸಂಖ್ಯೆ

ಗಣಕದ ಪಾಠವೆಂದರೆ ಕರಿಹಲಗೆಯ ಮೇಲೆ ನಾಲ್ಕು ಚೌಕ ಬರೆದು ಬಾಣ ಎಳೆಯುವುದು ಎಂಬ ರೂಢಿಯಿದೆ. ವಿದ್ಯಾರ್ಥಿ ಆ ಚಿತ್ರವನ್ನು ಪರೀಕ್ಷೆಯಲ್ಲಿ ಬರೆಯಬಲ್ಲ. ಯಂತ್ರ ನಿಂತಾಗ ಎಲ್ಲಿ ಹುಡುಕಬೇಕೆಂದು ಅವನಿಗೆ ತೋಚದು. 1976ರಲ್ಲಿ ಬಂದ 40 ಕಾಲುಗಳ ಝಡ್80 ಚಿಪ್ ಈ ಕೊರತೆಯನ್ನು ತುಂಬಬಲ್ಲದು. ಅದರ ವಿಳಾಸದ ತಂತಿಗಳೂ ದತ್ತಾಂಶದ ತಂತಿಗಳೂ ಬೇರೆಬೇರೆ. ಹಾಗಾಗಿ ಸ್ಮೃತಿಯನ್ನು ಜೋಡಿಸುವ ಮೊದಲೇ ಅದನ್ನು ಪರೀಕ್ಷಿಸಬಹುದು. ಪಾಠದ ನಿಯಮ ಒಂದೇ: ಒಂದು ಹಂತ ಪರೀಕ್ಷೆಯಲ್ಲಿ ಗೆಲ್ಲದೆ ಮುಂದಿನ ತಂತಿ ಜೋಡಿಸಬಾರದು.

ಸಾಮಗ್ರಿ: ಸೀಮಾಸ್ ಮಾದರಿಯ ಝಡ್80 (ಝಡ್84ಸಿ00), 7555 ಟೈಮರ್, ಬ್ರೆಡ್‌ಬೋರ್ಡ್, 5 ವೋಲ್ಟ್ ಮೊಬೈಲ್ ಚಾರ್ಜರ್, ಮಲ್ಟಿಮೀಟರ್, 5 ಎಲ್‌ಇಡಿ, ಪ್ರತಿಯೊಂದಕ್ಕೂ 2.2 ಕಿಲೋ ಓಮ್ ರೋಧಕ, 10 ಕಿಲೋ ಓಮ್ ರೋಧಕಗಳು, 10 ಮೈಕ್ರೋಫ್ಯಾರಡ್ ಕೆಪಾಸಿಟರ್, ಒತ್ತುಗುಂಡಿ. ಹಳೆಯ ಎನ್‌ಮಾಸ್ ಮಾದರಿ ನಿಧಾನ ಮಿಡಿತಕ್ಕೆ ಒಗ್ಗದು.

ಪ್ರೇರಣೆ: ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೊರಟ ರೈಲು ಕೋರಮಂಡಲ್, ಊರಿಗಾಂ, ಚಾಂಪಿಯನ್ ನಿಲ್ದಾಣಗಳನ್ನು ಹಾದುಹೋಗುತ್ತದೆ. ಯಾರೂ ಹತ್ತದಿದ್ದರೂ, ಇಳಿಯದಿದ್ದರೂ ರೈಲು ಏನು ಮಾಡುತ್ತದೆ? ‘ಮುಂದಿನ ನಿಲ್ದಾಣಕ್ಕೆ ಹೋಗುತ್ತದೆ’ ಎಂಬ ಉತ್ತರ ಬರಬೇಕು. ನಿಲ್ದಾಣವೇ ವಿಳಾಸ, ‘ಏನೂ ಮಾಡದೆ ಮುಂದೆ ಹೋಗು’ ಎಂಬುದೇ ನೋಪ್ ಆದೇಶ, ಅದರ ಸಂಕೇತ ಸೊನ್ನೆ.

ಹಂತ 1, ವಿದ್ಯುತ್: ಚಿಪ್ ಕೂರಿಸುವ ಮೊದಲೇ 11ನೇ ಕಾಲಿನ ಜಾಗದಲ್ಲಿ +5 ವೋಲ್ಟ್, 29ರಲ್ಲಿ ಗ್ರೌಂಡ್ ಇದೆಯೇ ಎಂದು ಅಳೆಯಿರಿ.

ಹಂತ 2, ಮಿಡಿತ: ಎರಡು 10 ಕಿಲೋ ಓಮ್ ರೋಧಕ ಮತ್ತು ಕೆಪಾಸಿಟರ್‌ನೊಂದಿಗೆ 7555 ಸೆಕೆಂಡಿಗೆ ಸುಮಾರು 5 ಬಾರಿ ಮಿಡಿಯುತ್ತದೆ. ಅದರ 4ನೇ ಕಾಲನ್ನು 10 ಕಿಲೋ ಓಮ್ ಮೂಲಕ +5ಕ್ಕೆ ಸೇರಿಸಿ. ಮಿಡಿತದ ದೀಪವನ್ನು ಮಕ್ಕಳು ಎಣಿಸಲಿ. ಆಮೇಲೆ ವಿದ್ಯುತ್ ತೆಗೆದು ಚಿಪ್ ಕೂರಿಸಿ, ಮಿಡಿತವನ್ನು 6ನೇ ಕಾಲಿಗೆ ಕೊಡಿ.

ಹಂತ 3, ಎಣಿಕೆ: 16, 17, 24, 25, 26ನೇ ಕಾಲುಗಳನ್ನು 10 ಕಿಲೋ ಓಮ್ ಮೂಲಕ +5ಕ್ಕೂ, ಎಂಟು ದತ್ತಾಂಶದ ಕಾಲುಗಳನ್ನು (7ರಿಂದ 10, 12ರಿಂದ 15) ಅಷ್ಟೇ ರೋಧಕಗಳ ಮೂಲಕ ಗ್ರೌಂಡಿಗೂ ಜೋಡಿಸಿ. ಈಗ ಚಿಪ್ ಎಲ್ಲಿ ಓದಿದರೂ ನೋಪ್ ಸಿಗುತ್ತದೆ. 30ರಿಂದ 33ನೇ ಕಾಲುಗಳಿಗೆ ಎಲ್‌ಇಡಿ ಹಾಕಿ. 26ನೇ ಕಾಲನ್ನು ಗ್ರೌಂಡಿಗೆ ಸೇರಿಸುವ ಗುಂಡಿಯೇ ರೀಸೆಟ್. ಅದಕ್ಕೆ ಕನಿಷ್ಠ 3 ಮಿಡಿತ ಬೇಕು, ಆದ್ದರಿಂದ ಒಂದು ಸೆಕೆಂಡಾದರೂ ಒತ್ತಿ ಹಿಡಿಯಬೇಕು. ಒಂದು ನೋಪ್‌ಗೆ 4 ಮಿಡಿತ. ದೀಪಗಳು 0000, 0001, 0010 ಎಂದು ಎಣಿಸುತ್ತವೆ. ವಿದ್ಯುತ್ ಕೊಡುವ ಮೊದಲೇ ಮಕ್ಕಳು ಮುಂದಿನ ಎಂಟು ಸಾಲುಗಳನ್ನು ಊಹಿಸಿ ಬರೆದಿರಬೇಕು.

ಲೆಕ್ಕ: 65,536 ವಿಳಾಸಗಳನ್ನು ದಾಟಲು 2,62,144 ಮಿಡಿತ ಬೇಕು. ಸೆಕೆಂಡಿಗೆ 5 ಮಿಡಿತವಾದರೆ ಹದಿನಾಲ್ಕೂವರೆ ಗಂಟೆ. 40 ಲಕ್ಷವಾದರೆ ಸೆಕೆಂಡಿನ ಹದಿನೈದನೇ ಒಂದು ಭಾಗ. ಕೊನೆಯ ವಿಳಾಸದ ನಂತರ ಎಣಿಕೆ ಸೊನ್ನೆಗೆ ಮರಳುತ್ತದೆ. ರೈಲಿನ ಹೋಲಿಕೆ ಇಲ್ಲಿಗೆ ಮುಗಿಯಿತೆಂದು ಸ್ಪಷ್ಟವಾಗಿ ಹೇಳಿ.

ಮೌಲ್ಯಮಾಪನ: ಮಕ್ಕಳಿಗೆ ಕಾಣದಂತೆ ಒಂದು ದೋಷ ಮಾಡಿ.
ಅ) 26ನೇ ಕಾಲು ಗ್ರೌಂಡಿಗೆ: ವಿಳಾಸದ ದೀಪಗಳೆಲ್ಲ ಆರುತ್ತವೆ.
ಆ) ಎಣಿಕೆಯ ನಡುವೆ 24ನೇ ಕಾಲು ಗ್ರೌಂಡಿಗೆ: ಸಂಖ್ಯೆ ನಿಲ್ಲುತ್ತದೆ, ಮಿಡಿತ ನಡೆಯುತ್ತದೆ. ಕೆಂಪು ಸಿಗ್ನಲ್ ಮುಂದೆ ನಿಂತ ರೈಲಿನಂತೆ.
ಇ) 7555ರ 4ನೇ ಕಾಲು ಗ್ರೌಂಡಿಗೆ: ಸಂಖ್ಯೆಯೂ ಮಿಡಿತವೂ ನಿಲ್ಲುತ್ತವೆ.
ದೋಷವನ್ನು ಹೆಸರಿಸಿದರೆ ಅರ್ಧ ಅಂಕ. ಯಾವ ಗುರುತಿನಿಂದ ತಿಳಿಯಿತೆಂದು ಹೇಳಿದರೆ ಪೂರ್ಣ ಅಂಕ.

ಪ್ರಶಿಕ್ಷಣಾರ್ಥಿಗಳಿಗೆ: ಮನೆಯಲ್ಲೇ ಪೂರ್ತಿ ಕಟ್ಟಿ ತಂದು ತೋರಿಸುವ ಆಸೆ ಬೇಡ. ಉರಿಯುವ ದೀಪವನ್ನು ನೋಡಿದ ಮಗು ಚಪ್ಪಾಳೆ ತಟ್ಟುತ್ತದೆ. ಆರಿದ ದೀಪದ ಕಾರಣ ಹುಡುಕಿದ ಮಗು ಕಲಿಯುತ್ತದೆ. ಕೆ.ಜಿ.ಎಫ್. ಭಾಗದ ತರಗತಿಗಳಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು ಆಗಿರುವ ಮಕ್ಕಳಿರುತ್ತಾರೆ. ಮೊದಲು ಊಹೆಯ ಪಟ್ಟಿಯಲ್ಲಿ 0 ಮತ್ತು 1 ಬರೆಯಿಸಿ, ಪಾರಿಭಾಷಿಕ ಪದ ಆಮೇಲೆ ಬರಲಿ. ಆಗ ಮಾತಿಗೆ ಹಿಂಜರಿಯುವ ಮಗುವಿಗೂ ಉತ್ತರ ಹೇಳುವ ದಾರಿ ಸಿಗುತ್ತದೆ.